ಅಮ್ಮ ಬೆಳ್ಳಿ ಕೇಳಿದ್ದಳು

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಚಿಕ್ಕಮಗಳೂರಿನ ಡಾಕ್ಟರು ಕಳಿಸಿದ ದಿನ ಅಮ್ಮ ಸೀದಾ ಕೊಟ್ಟಿಗೆಹಾರಕ್ಕೆ ಹೋಗಲು ಒಪ್ಪಲಿಲ್ಲ. ಮೂಡಿಗೆರೆಯಲ್ಲಿ ಇಳಿಯೋಣ, ಆಚಾರ್ರ ಅಂಗಡಿಯಲ್ಲಿ ಒಂದು ಉಂಗುರ ಮಾಡಿಸಬೇಕು ಎಂದಳು. ಅವಳ ಸೆರಗಿನ ಗಂಟಿನಲ್ಲಿ ಒಂದು ಕೆಂಪು ಕಲ್ಲಿತ್ತು. ಅದು ಅವಳ ಅವ್ವನ ಓಲೆಯದು. ಓಲೆಯ ಚಿನ್ನ ನನ್ನ ಓದಿಗೆ ಹೋಗಿತ್ತು, ಕಲ್ಲೊಂದು ಉಳಿದಿತ್ತು.

ಆಚಾರ್ರು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚು ಸ್ವಲ್ಪ ಒಡೆದಿದೆ, ಸುತ್ತ ಪೂರ್ತಿ ಕಟ್ಟು ಕೊಟ್ಟರೆ ನಿಲ್ಲುತ್ತದೆ, ಚಿನ್ನವೋ ಬೆಳ್ಳಿಯೋ ನೀವೇ ಹೇಳಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಬೆಳ್ಳಿ ಎಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ. ಜನ ನನಗೇನನ್ನುತ್ತಾರೆ, ಈಗಲೂ ಯಾಕೆ ಈ ಜಿಪುಣತನ ಎಂದು ರೇಗಿದೆ.

"ಚಿನ್ನ ಆದ್ರೆ ಹೋಗುವಾಗ ಬಿಚ್ಕೊಳ್ತಾರೆ ಕಣೆ. ಬೆಳ್ಳಿಗೆ ಯಾರೂ ಕೈ ಹಾಕಲ್ಲ. ಅವ್ವ ಹೋದಾಗ ನಂಗೆ ನಾಲ್ಕು ವರ್ಷ. ಈ ಮುದುಕಿನ ಅವಳು ಹೆಂಗೆ ಗುರುತು ಹಿಡೀತಾಳೆ? ಕಲ್ಲು ನೋಡಿಯಾದ್ರೂ ಹಿಡೀಲಿ."

ಆಚಾರ್ರು ತಲೆ ತಗ್ಗಿಸಿದರು. ನಾನು ಅಳಬೇಕಿತ್ತು, ಜಗಳಕ್ಕೆ ನಿಂತೆ. ಅಪಶಕುನದ ಮಾತಾಡಬೇಡ, ಬಿಡ್ತು ಅನ್ನು ಎಂದು ಗದರಿದೆ. ಪಾಪ, ಬಿಡ್ತು ಎಂದಳು. ನಾನು ಚಿನ್ನದಲ್ಲೇ ಮಾಡಿ ಎಂದುಬಿಟ್ಟೆ. ಬೆಳ್ಳಿಗೆ ಹೂಂ ಎಂದರೆ ಅವಳ ಸಾವಿಗೇ ಹೂಂ ಎಂದಂತೆ ಅನ್ನಿಸಿತ್ತು. ಚಿನ್ನ ಹಾಕಿಕೊಂಡರೆ ಇನ್ನೂ ಹತ್ತು ವರ್ಷ ಇರುತ್ತಾಳೆ ಎಂದು ನಂಬಿದ ಹುಚ್ಚಿ ನಾನು.

ಉಂಗುರ ತಂದುಕೊಟ್ಟಾಗ ಅಮ್ಮ ಚೆನ್ನಾಗಿದೆ ಎಂದಳು. ನೋಡಲು ಬಂದವರಿಗೆಲ್ಲ ಮಗಳು ಮಾಡಿಸಿದ್ದು ಎಂದು ಕೈ ಚಾಚಿ ತೋರಿಸುತ್ತಿದ್ದಳು. ಬೆಳ್ಳಿಯ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದರೆ ನಾನು ಹಾರಾಡುತ್ತೇನೆಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಗೆ ಹೋಗಿಬಿಟ್ಟಳು.

ಅವಳನ್ನು ಎತ್ತುವ ಮೊದಲು ದೊಡ್ಡಪ್ಪ ಬಂದು ನನ್ನ ಪಕ್ಕ ಕೂತರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯರೆಂದರೆ ಅವರೇ. ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದರು.

"ಚಿನ್ನ ಮೈಮೇಲಿಟ್ಟು ಕಳ್ಸೋದು ನಮ್ಮಲ್ಲಿಲ್ಲ ಮಾರಾಯ್ತಿ. ನೀನೇ ತೆಗಿ."

ಇರಲಿ ಬಿಡಿ, ಅದು ಅವಳ ಆಸೆ ಎಂದು ಒಂದು ಮಾತು ಹೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ಆದರೆ ಹೇಳಿದರೆ, ಹಾಗಾದರೆ ಬೆಳ್ಳಿಯಲ್ಲೇ ಯಾಕೆ ಮಾಡಿಸಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ, ಊರಿಗೆಲ್ಲ ಬಾಯಿ ಮಾಡುವ ನಾನು ಸುಮ್ಮನಾದೆ. ಬೆರಳು ಊದಿಕೊಂಡಿತ್ತು. ಸೋಪು ನೀರು ಹಚ್ಚಿ, ನೋವಾದೀತೇನೋ ಎಂಬಂತೆ ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದೆ. ಅಮ್ಮನನ್ನು ಅವಳ ಅವ್ವನ ಹತ್ತಿರ ಬರಿಗೈಯಲ್ಲಿ ಕಳಿಸಿದವಳು ನಾನೇ.