ಸರತಿ ಉದ್ದ ಮಾಡಿದ ಜಾಣತನ

ನಂಜನಗೂಡಿನಲ್ಲೊಂದು ನರ್ಸಿಂಗ್ ಹೋಮು, ಟಿ. ನರಸೀಪುರದಲ್ಲಿ ಅದರ ಶಾಖೆ. ಎರಡೂ ಕಡೆ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ರೋಗಿಯ ಹೆಸರು ಹೊಡೆದರೆ ಹಳೆಯ ಕಡತ ತೆರೆಯಬೇಕು. ಅದರ ಬದಲು 'ಸರತಿ ಭರ್ತಿಯಾಗಿದೆ' ಎಂಬ ಕೆಂಪು ಅಕ್ಷರ ಬರತೊಡಗಿತ್ತು. ಹುಡುಕುವ ಸರ್ವರ್ ಯಂತ್ರಕ್ಕೆ ಹೋಗಬೇಕಾದ ಕೋರಿಕೆಗಳು ನಮ್ಮ ಕಡೆಯೇ ಸಾಲುಗಟ್ಟಿ, ಸಾಲು ತುಂಬಿದ ಮೇಲೆ ಬಂದವನ್ನೆಲ್ಲ ತಂತ್ರಾಂಶ ವಾಪಸು ಅಟ್ಟುತ್ತಿತ್ತು.

ಕಾರಣ ಹುಡುಕಲು ಬುದ್ಧಿಯೇನೂ ಬೇಕಿರಲಿಲ್ಲ. ಕೌಂಟರಿನವನು ಒಂದೇ ಹೆಸರನ್ನು ಆರು ಟ್ಯಾಬಿನಲ್ಲಿ ಹುಡುಕಲು ಬಿಟ್ಟು ಆರಾಮವಾಗಿ ಟೀ ಕುಡಿಯುತ್ತಿದ್ದ. ಕೇಳಿದರೆ, "ಒಂದ್ರಲ್ಲಿ ಬರ್ದೇ ಇದ್ರೆ ಇನ್ನೊಂದ್ರಲ್ಲಿ ಬತ್ತದೆ ಕಣ್ ಸಾ" ಎಂದ. ಹುಲ್ಲಹಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಆದರೂ ಅಲ್ಲಿ ಒಬ್ಬನಿಗೆ ಒಂದೇ ಟವೆಲ್ಲು. ಈ ಪುಣ್ಯಾತ್ಮನಿಗೆ ಆರು.

ತಂತ್ರಾಂಶ ಮಾರಿದ ಮಹಾಶಯನಿಗೆ ಫೋನು ಮಾಡಿದೆ. ಏನು, ಎತ್ತ ಎಂದು ಕೇಳದೆ, "ಕ್ಯೂನ ಹತ್ತು ಪಟ್ಟು ದೊಡ್ಡದು ಮಾಡಿ ಸಾರ್" ಎಂದು ಇಟ್ಟುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಂದು ಹೆಸರನ್ನು ಒಮ್ಮೆಗೆ ಒಂದೇ ಸಲ ಹುಡುಕುವಂತೆ ಕಟ್ಟುಪಾಡು ಹಾಕಬೇಕೆಂದು ನನಗೆ ಗೊತ್ತಿತ್ತು. ಅದು ಎರಡು ದಿನದ ಕೆಲಸ. ಸರತಿಯ ಮಿತಿಯ ಅಂಕಿ ತಿದ್ದುವುದು ಒಂದು ನಿಮಿಷದ್ದು. ಅಂಕಿ ತಿದ್ದಿದೆ. ಕೆಂಪು ಅಕ್ಷರ ಮಾಯವಾಯಿತು. ಮ್ಯಾನೇಜರು ಬೆನ್ನು ತಟ್ಟಿದರು, ನಾನೂ ಉಬ್ಬಿದೆ.

ಮೂರನೇ ದಿನ ನರಸೀಪುರದಿಂದ ಕರೆ ಬಂತು. ಹೆಮ್ಮಿಗೆಯ ಅಜ್ಜಿಯೊಬ್ಬಳು ಕಾಲಿನ ಹುಣ್ಣು ಕೀವಾಗಿ, ಜ್ವರದಲ್ಲಿ ಬೆಂಚಿನ ಮೇಲೆ ನಡುಗುತ್ತಿದ್ದಳು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಒಗ್ಗದೆ ಉಸಿರು ಕಟ್ಟಿತ್ತಂತೆ. ಕಡತ ನೋಡಿ ಅದು ಯಾವುದೆಂದು ತಿಳಿಯದೆ ಚುಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ಸರಿಯಾಗಿಯೇ. ಪರದೆಯ ಮೇಲೆ ಹುಡುಕಾಟದ ಚಕ್ರ ಬೆಳಗಿನಿಂದ ತಿರುಗುತ್ತಲೇ ಇತ್ತು. "ಬತ್ತಾ ಅದೆ, ಕೂತ್ಕಳಿ" ಎಂದು ಅಲ್ಲಿನ ಕೌಂಟರಿನವನು ಮಧ್ಯಾಹ್ನದವರೆಗೂ ಹೇಳಿದ್ದ. ನಾನು ಹೋಗಿ ನೋಡಿದರೆ ಸಾಲಿನಲ್ಲಿ ನೂರಾರು ಕೋರಿಕೆ. ಅದರಲ್ಲಿ ಎಷ್ಟೋ ಅದೇ ಅಜ್ಜಿಯ ಹೆಸರಿನವು.

ತಂತ್ರಾಂಶದವನನ್ನು ಬೈಯಲು ಫೋನು ತೆಗೆದೆ. ಅಷ್ಟರಲ್ಲಿ ಅಜ್ಜಿಯ ಸೊಸೆ ಎದ್ದು ಬಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಸಿಕ್ಕಾಕಿಲ್ಲ ಅಂತ ಒಂದ್ ಮಾತ್ ಏಳಿದ್ರೆ, ಬೆಳಿಗ್ಗೇನೇ ಊರ್ಗೋಗಿ ಆ ಇಂಜೆಕ್ಸನ್ದು ಅಳೇ ಚೀಟಿ ತತ್ತಿದ್ದೆ ಕಣ್ ಸಾ. ಪೆಟ್ಗೇಲೇ ಅದೆ."

ಮೊದಲು ಕೆಂಪು ಅಕ್ಷರ ಹೇಳುತ್ತಿದ್ದ ಆ ಒಂದು ಮಾತನ್ನು ಹೇಳದಂತೆ ಮಾಡಿದವನು ನಾನೇ.