ಮಾಯಮ್ಮನ ಎಡಗಡೆ ಕುಳಿತವನು

ಪಿರಿಯಾಪಟ್ಟಣದ ಮಡಿಕೇರಿ ರಸ್ತೆಯ ಬಯಲಿನಲ್ಲಿ ಟೆಂಟು ಸಿನಿಮಾ ನಡೆಯುತ್ತಿದ್ದ ಕಾಲ. ಅದರ ಬಾಗಿಲ ಎದುರಿನ ಹುಣಸೆಮರದಡಿ ಹುರಿದ ಕಡಲೆಕಾಯಿ ಮಾರುತ್ತಿದ್ದ ಮಾಯಮ್ಮ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಒಳಗೆ ಹೋದವಳಲ್ಲ. ಆದರೂ ಸಿನಿಮಾದ ವಿಷಯದಲ್ಲಿ ಅವಳನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಡೇರೆಯ ಬಟ್ಟೆಯಾಚೆಯಿಂದ ಬರುವ ಸದ್ದನ್ನು ಕೇಳಿಯೇ ಈಗ ಹೊಡೆದಾಟ, ಈಗ ತಾಯಿ ಸಾಯುತ್ತಿದ್ದಾಳೆ, ಇನ್ನು ಒಂದು ಹಾಡು ಕಳೆದರೆ ವಿರಾಮ ಎಂದು ಲೆಕ್ಕ ಹಾಕುತ್ತಿದ್ದಳು. ಒಳಗೆ ಅಳು ಹೆಚ್ಚಾದ ದಿನ ಕಾಗದದ ಪೊಟ್ಟಣಗಳನ್ನು ಹೆಚ್ಚಾಗಿ ಸುತ್ತಿಡುವಳು. ಅತ್ತವರಿಗೆ ಹಸಿವು ಜಾಸ್ತಿ ಎಂಬುದು ಅವಳ ಅನುಭವ.

ಪಾವಿನಲ್ಲಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುವುದು ಅವಳ ಪದ್ಧತಿ. ಕೇಳಿದರೂ ಹಾಕುವಳು, ಕೇಳದಿದ್ದರೂ ಹಾಕುವಳು. ಗಂಡ ಕೆಂಪಯ್ಯ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದ. ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಅವನದು ಒಂದೇ ರಾಗ. ತೋಟದಲ್ಲಿ ಸಂಸಾರಸ್ಥರಿಗೆ ಸಾಲಾಗಿ ಕಟ್ಟಿದ ಲೈನು ಮನೆ ಕೊಡುತ್ತಾರೆ, ನೀನೂ ಬಂದುಬಿಡು. ಮಾಯಮ್ಮ ಆಗಲಿ ಎನ್ನುತ್ತಲೂ ಇರಲಿಲ್ಲ, ಆಗದು ಎನ್ನುತ್ತಲೂ ಇರಲಿಲ್ಲ. ಒಲೆ, ಮರಳು, ಬಾಣಲೆ, ಬುಟ್ಟಿ, ಹುಣಸೆಮರದ ಬೇರಿನ ಮೇಲಿನ ಆ ಜಾಗ, ಇಷ್ಟು ಅವಳು ತಾನೇ ಕಟ್ಟಿಕೊಂಡದ್ದು. ಅದನ್ನು ಬಿಟ್ಟು ಪರರ ತೋಟದಲ್ಲಿ ಕಳೆ ಕೀಳಲು ಹೋಗುವುದು ಅವಳಿಗೆ ಬೇಡವಾಗಿತ್ತು.

ಅವಳ ತವರು ದೂರದ ಅಂತರಸಂತೆಯ ಕಡೆ. ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಅವರು ಹೋದ ಮೇಲೆ ತವರೆಂಬುದು ಹೆಸರಿಗೆ ಮಾತ್ರ. ಗೌರಿ ಹಬ್ಬದಲ್ಲಿ ಕೇರಿಯ ಹೆಂಗಸರಿಗೆಲ್ಲ ಅಣ್ಣತಮ್ಮಂದಿರು ಸೀರೆಯ ಗಂಟು ಹೊತ್ತು ಬರುತ್ತಿದ್ದರು. ಆ ದಿನ ಮಾಯಮ್ಮ ಹೊತ್ತಿಗೆ ಮುಂಚೆಯೇ ಬುಟ್ಟಿ ಎತ್ತಿಕೊಂಡು ಟೆಂಟಿನ ಕಡೆ ನಡೆದುಬಿಡುತ್ತಿದ್ದಳು. ಜಗಳದ ಬಿಸಿಯಲ್ಲಿ ಕೆಂಪಯ್ಯ ಒಮ್ಮೆ, ನಿನ್ನ ಕಡೆಯವನು ಅಂತ ನನ್ನ ಹೊಸ್ತಿಲು ತುಳಿದವನು ಒಬ್ಬನಾದರೂ ಇದ್ದಾನೆಯೇ ಎಂದುಬಿಟ್ಟಿದ್ದ. ಆಮೇಲೆ ಅವನೇ ಆ ಮಾತನ್ನು ಮರೆತ. ಅವಳು ಮರೆಯಲಿಲ್ಲ.

ಅರವತ್ತೊಂಬತ್ತನೆಯ ಇಸವಿ, ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಸಂಜೆ, ಆಟ ಇನ್ನೂ ಶುರುವಾಗಿರಲಿಲ್ಲ. ಅಂಗಡಿ ಮುಂಗಟ್ಟುಗಳ ಜಾಹೀರಾತಿನ ಸ್ಲೈಡುಗಳನ್ನು ತೋರಿಸುವ ಹೊತ್ತು. ಮಾಮೂಲಾಗಿ ಆಗ ಯಾರೂ ತುಟಿ ಬಿಚ್ಚುತ್ತಿರಲಿಲ್ಲ; ಈಚೆಗೆ ಕೆಲವು ವಾರಗಳಿಂದ ಮಾತ್ರ ಸಣ್ಣ ನಗು ಏಳುತ್ತಿತ್ತು. ಅಂಥದರಲ್ಲಿ ಇಡೀ ಟೆಂಟು ಘೊಳ್ಳೆಂದು ನಕ್ಕಿತು. ಮಾಯಮ್ಮನಿಗೆ ಈ ನಗು ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ. ವಿರಾಮದಲ್ಲಿ ಹೊರಗೆ ಬಂದ ಜನ ಮೊದಲು ಅವಳನ್ನು ನೋಡಿದರು, ಆಮೇಲೆ ಅವಳ ಎಡಗಡೆಯ ಬರಿಯ ನೆಲವನ್ನು ನೋಡಿದರು. ಒಬ್ಬ ಗಾಡಿ ಹೊಡೆಯುವವನಂತೂ ಆ ನೆಲಕ್ಕೆ, ಸ್ವಲ್ಪ ಸರಿದುಕೊಳ್ಳಪ್ಪ ಎಂದು ಹೇಳಿ, ಸುತ್ತು ಹಾಕಿ ಬಂದು ಪಾವು ಕಾಯಿ ಕೇಳಿದ. ಅವಳು ಕೊಸರು ಹಾಕಿದಳು. ಅವನು ಪೊಟ್ಟಣದೊಳಗೆ ಇಣುಕಿ ನೋಡಿ ಹೇಳಿದ:

“ಇನ್ನೊಂದಿಡಿ ಆಕಕ್ಕ. ನನ್ ಕೊಸರ ಗುಡಾಣಯ್ಯ ತಿಂದ.”

ಗುಡಾಣಯ್ಯ ಯಾರು ಎಂದು ಅವಳಿಗೆ ಬಿಡಿಸಿ ಹೇಳಿದವಳು ಪಕ್ಕದಲ್ಲಿ ವೀಳ್ಯದೆಲೆ ಮಾರುವ ಚಿಕ್ಕಬೀರಮ್ಮ. ಬಸ್ ಸ್ಟ್ಯಾಂಡಿನ ಹಿಂದೆ ಫೋಟೋ ಅಂಗಡಿ ಇಟ್ಟಿದ್ದ ವೀರಭದ್ರಸ್ವಾಮಿ ಟೆಂಟಿಗೆ ಸ್ಲೈಡು ಬರೆದುಕೊಡುವವನು. ಬರಿಯ ಅಕ್ಷರ ಬರೆದು ಬೇಸರವಾಗಿ, ಊರಿನ ಫೋಟೋಗಳನ್ನೇ ಗಾಜಿನ ಮೇಲೆ ಇಳಿಸಿ, ಇನ್ನೊಂದು ಗಾಜಿನ ಮೇಲೆ ಬಣ್ಣದಲ್ಲಿ ಒಬ್ಬ ಕುಳ್ಳನನ್ನು ಬರೆದಿದ್ದ. ಮೊದಲನೆಯ ಗಾಜನ್ನು ಅಲ್ಲಾಡದಂತೆ ಇಟ್ಟು, ಅದರ ಮುಂದೆ ಎರಡನೆಯದನ್ನು ಮೆಲ್ಲಗೆ ಎಳೆದರೆ ಕುಳ್ಳ ನಮ್ಮ ಸಂತೆಬೀದಿಯಲ್ಲೇ ನಡೆದು ಹೋಗುತ್ತಿದ್ದ. ನಿಜವಾದ ಬಸ್ಸಿಗೆ ಕೈ ಒಡ್ಡುತ್ತಿದ್ದ. ಹೊಗೆಸೊಪ್ಪಿನ ಹೊರೆಯ ಮೇಲೆ ಹತ್ತಿ ಕೂರುತ್ತಿದ್ದ. ಹೊಟ್ಟೆ ಗುಡಾಣದಂತೆ ಇದ್ದುದರಿಂದ ಜನ ಅವನಿಗೆ ಗುಡಾಣಯ್ಯ ಎಂದು ಹೆಸರಿಟ್ಟರು. ಮೊದಲ ದಿನವೇ ನೆಲದ ಸಾಲಿನಲ್ಲಿದ್ದ ಮುದುಕನೊಬ್ಬ, ಇವನು ಯಾವೂರವನು, ಯಾರ ಪೈಕಿ ಎಂದು ಗಟ್ಟಿಯಾಗಿ ಕೇಳಿದನಂತೆ. ಈ ವಾರ ಅವನು ಮಾಯಮ್ಮನ ಪಕ್ಕ ಬಂದು ಕುಳಿತಿದ್ದಾನೆ, ಬುಟ್ಟಿಗೆ ಕೈ ಹಾಕಿ ತಿನ್ನುತ್ತಿದ್ದಾನೆ.

ಆಗ ಮಾಯಮ್ಮನಿಗೆ ನೆನಪಾಯಿತು. ಹದಿನೈದು ದಿನದ ಕೆಳಗೆ ವೀರಭದ್ರಸ್ವಾಮಿ ಕ್ಯಾಮರಾ ಹಿಡಿದು ಬಂದಿದ್ದ. ಅವಳ ಎಡಗಡೆಯ ಕಡಲೆಕಾಯಿ ಮೂಟೆಯನ್ನು ಬಲಗಡೆಗೆ ಇಡಿಸಿದ್ದ. ಬೆಳಕಿಗಾಗಿ ಇರಬೇಕು ಎಂದುಕೊಂಡಿದ್ದಳು. ಅದು ಇವನನ್ನು ಕೂರಿಸುವುದಕ್ಕೆ.

ಅಂದಿನಿಂದ ಅವಳಿಗೆ ಒಂದು ಹೊಸ ಯೋಚನೆ ಹತ್ತಿತು. ತಾನು ಹೊರಗೆ ಕುಳಿತಿರುವಾಗಲೇ ಒಳಗೂ ಕುಳಿತಿರುತ್ತೇನೆ. ಅಲ್ಲಿ ನನ್ನ ಪಕ್ಕ ಒಬ್ಬನಿರುತ್ತಾನೆ. ಊರೆಲ್ಲ ಅವನನ್ನು ಕಂಡಿದೆ, ನಾನು ಮಾತ್ರ ಕಂಡಿಲ್ಲ. ಗಿರಾಕಿಗಳನ್ನೆಲ್ಲ ಅವನು ಹೇಗಿದ್ದಾನೆಂದು ವಿಚಾರಿಸತೊಡಗಿದಳು. ಒಬ್ಬರು ಮೀಸೆ ಕಿವಿಯವರೆಗೆ ಎಂದರು. ಇನ್ನೊಬ್ಬರು ಮೀಸೆ ಯಾರು ನೋಡಿದರು, ರುಮಾಲೇ ಮೂಗಿನವರೆಗೆ ಇಳಿದಿದೆ ಎಂದರು. ಕಾಲು ಗುಬ್ಬಚ್ಚಿಯ ಕಾಲಿನಂತೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಮ್ಮತ. ಬೈಲಕುಪ್ಪೆಯಿಂದ ಸಿನಿಮಾಕ್ಕೆ ಬರುತ್ತಿದ್ದ ಟಿಬೆಟಿನ ಹೆಂಗಸೊಬ್ಬಳಿಗೆ ಕನ್ನಡ ಅಷ್ಟು ಸಾಲದು; ಅವಳು ಗಲ್ಲ ಉಬ್ಬಿಸಿ, ಎರಡು ಕೈಯಿಂದ ಗಾಳಿಯಲ್ಲಿ ದೊಡ್ಡ ಹೊಟ್ಟೆ ಬರೆದು, ಮಾಯಮ್ಮನ ಹೆಗಲಿಗೆ ತಲೆ ಒರಗಿಸಿ ತೋರಿಸಿದಳು. ಹಾಗಾದರೆ ಅವನು ಒರಗಿಕೊಂಡು ಕೂತಿದ್ದಾನೆಯೇ? ಅದನ್ನು ಬೇರೆ ಯಾರೂ ಹೇಳಿರಲಿಲ್ಲ.

ಒಳಗೆ ಹೋಗಿ ನೋಡಿಬಿಡು ಎಂದು ಚಿಕ್ಕಬೀರಮ್ಮ ಎಷ್ಟೋ ಸಲ ಹೇಳಿದಳು. ಬುಟ್ಟಿಯನ್ನು ಬಿಟ್ಟು ಹೋಗುವ ಅಭ್ಯಾಸ ಮಾಯಮ್ಮನಿಗಿರಲಿಲ್ಲ. ಆದರೆ ಮೂಟೆಯನ್ನು ಮತ್ತೆ ಎಡಗಡೆಗೆ ತಂದು ಇಡಲೂ ಇಲ್ಲ.

ಸುದ್ದಿ ಘಟ್ಟ ಹತ್ತಿತು. ಕಾಫಿ ಹಣ್ಣಿನ ಕೊಯ್ಲಿಗೆಂದು ಪಿರಿಯಾಪಟ್ಟಣದಿಂದ ಹೋದ ಆಳುಗಳಲ್ಲಿ ಕರಿಯಯ್ಯನೆಂಬವನಿದ್ದ. ಮಾತಿಗೆ ಉಪ್ಪುಖಾರ ಹಚ್ಚದೆ ಬಡಿಸಿದವನಲ್ಲ. ಒಂದು ಸಂಜೆ ಲೈನಿನ ಮುಂದೆ ಚಳಿ ಕಾಯಿಸುತ್ತ, ಮಾಯಮ್ಮನ ಪಕ್ಕ ಒಬ್ಬ ಕುಳ್ಳ ದಿನವೂ ಕೂರುತ್ತಾನೆ, ಅವಳ ಬುಟ್ಟಿಯಿಂದಲೇ ಎತ್ತಿ ತಿನ್ನುತ್ತಾನೆ, ಊರಿಗೆ ಊರೇ ನೋಡಿ ನಗುತ್ತಿದೆ ಎಂದು ಕೆಂಪಯ್ಯನ ಮುಂದೆ ಹೇಳಿದ. ಅದು ಚಿತ್ರ ಎಂಬುದನ್ನು ಬೇಕೆಂದು ನುಂಗಿದನೋ, ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡನೋ, ಅವನೇ ಬಲ್ಲ. ಮೂರನೆಯ ದಿನ ಕೆಂಪಯ್ಯ ಕಂಬಳಿ ಹೊದ್ದು, ಕೈಯಲ್ಲೊಂದು ಕಾಫಿ ಗಿಡದ ದೊಣ್ಣೆ ಹಿಡಿದು ಮಡಿಕೇರಿ ಬಸ್ಸಿನಿಂದ ಇಳಿದ.

ಮಾಯಮ್ಮ ಆಗಷ್ಟೇ ಬುಟ್ಟಿ ಇಳಿಸಿ ಪೊಟ್ಟಣ ಸುತ್ತುತ್ತಿದ್ದಳು. ಅವನು ಕ್ಷೇಮಸಮಾಚಾರ ಕೇಳಲಿಲ್ಲ. ಬಾಣಲೆ, ಬುಟ್ಟಿ ಎಲ್ಲವನ್ನೂ ಯಾರಿಗಾದರೂ ಕೊಟ್ಟು ನಾಳೆಯ ಬಸ್ಸಿಗೆ ತನ್ನ ಜೊತೆ ಹೊರಡಬೇಕು, ಲೈನು ಮನೆಗೆ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಬಂದಿದ್ದೇನೆ ಎಂದ. ಏಕೆ ಎಂದು ಅವಳು ಕೇಳಿದಾಗ, ಪಕ್ಕದಲ್ಲಿ ಕೂರುವವನ ವಿಷಯ ತೆಗೆದ. ಅವಳಿಗೆ ನಗು ಬಂತು. ಆ ನಗುವಿನಿಂದ ಕೆಲಸ ಕೆಟ್ಟಿತು.

“ಬರ್ಲಿ ಇವತ್ತು ಅವ್ನು,” ಎಂದವನೇ ಕೆಂಪಯ್ಯ ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವಳ ಎಡಗಡೆ, ಮೂಟೆ ಇಲ್ಲದೆ ಖಾಲಿ ಇದ್ದ ಜಾಗದಲ್ಲೇ, ಕಾಲು ಮಡಿಸಿ ಕುಳಿತುಬಿಟ್ಟ. “ನಾನೂ ನೋಡ್ತೀನಿ.”

ಅದು ಚಿತ್ರ, ಗಾಜಿನ ಮೇಲೆ ಬರೆದದ್ದು ಎಂದು ಅವಳು ಹೇಳಿದಳು. ಕುಳಿತು ತಿನ್ನುವ ಚಿತ್ರ ಯಾವ ಲೋಕದಲ್ಲಿದೆ ಎಂದು ಅವನು ಕೇಳಿದ. ಕೆಂಪಯ್ಯನೂ ಎತ್ತರದ ಆಳಲ್ಲ. ಘಟ್ಟದ ಚಳಿಗೆಂದು ಸುತ್ತಿದ ರುಮಾಲು ಹುಬ್ಬಿನವರೆಗೆ ಇಳಿದಿತ್ತು. ಹೊದ್ದ ಕಂಬಳಿ ಹೊಟ್ಟೆಯ ಮುಂದೆ ಗಂಟಾಗಿ ಉಬ್ಬಿತ್ತು. ಮೊದಲು ಬಂದ ಗಾಡಿಯವನು ದೂರದಿಂದಲೇ ನೋಡಿ ನಿಂತ. ಬಾಯಿಂದ ಬೀಡಿ ತೆಗೆದ.

“ಲೇ ಬನ್ರಲಾ, ಗುಡಾಣಯ್ಯ ಖುದ್ದು ಬಂದವ್ನೆ ಕಣ್ರಲಾ!”

ಟಿಕೆಟ್ಟಿನ ಸಾಲು ಮುರಿದು ಜನ ಹುಣಸೆಮರದ ಸುತ್ತ ನೆರೆಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬ ಬಗ್ಗಿ ರುಮಾಲಿನಡಿ ಕಣ್ಣಿದೆಯೇ ಎಂದು ಪರೀಕ್ಷಿಸಿದ. ಇನ್ನೊಬ್ಬ ಒಂದು ಕಾಯಿ ಸುಲಿದು ಅವನ ಬಾಯಿಯ ಹತ್ತಿರ ಹಿಡಿದ. ಕೆಂಪಯ್ಯ ದೊಣ್ಣೆ ಎತ್ತಿದ್ದಕ್ಕೆ ನಗು ಇನ್ನೂ ಜೋರಾಯಿತು. ಅವನ ಮುಖ ಕಪ್ಪಿಟ್ಟಿತು. ಅವನು ಹೊಡೆಯುವುದಕ್ಕೆ ಬಂದಿದ್ದ. ಯಾರನ್ನು ಹೊಡೆಯಬೇಕು ಎಂಬುದೇ ಈಗ ತಿಳಿಯದಾಗಿತ್ತು. ಮಾಯಮ್ಮ ಅವನ ಮುಖ ನೋಡಿದಳು. ಎದ್ದು ಸೆರಗು ಕೊಡವಿಕೊಂಡಳು.

“ನೀನೂ ನೋಡಿಲ್ಲ, ನಾನೂ ನೋಡಿಲ್ಲ ಕಣ. ಬಾ, ಇಬ್ರೂ ನೋಡಾನ.”

ಬುಟ್ಟಿಯನ್ನು ಚಿಕ್ಕಬೀರಮ್ಮನ ಮುಂದೆ ಇಟ್ಟು, ಅಷ್ಟು ವರ್ಷ ಎದುರಿಗೇ ಇದ್ದ ಬಾಗಿಲನ್ನು ಅವಳು ಮೊದಲ ಬಾರಿಗೆ ದಾಟಿದಳು.

ಒಳಗೆ ನೆಲಕ್ಕೆ ಮರಳು ಹಾಸಿತ್ತು. ನಡುವೆ ಬಿದಿರು ತಟ್ಟಿ ಕಟ್ಟಿ ಹೆಂಗಸರ ಕಡೆ, ಗಂಡಸರ ಕಡೆ ಎಂದು ಮಾಡಿದ್ದರು. ಹಾಗಾಗಿ ಗಂಡ ಹೆಂಡಿರು ತಟ್ಟಿಯ ಆಚೆಗೊಬ್ಬರು ಈಚೆಗೊಬ್ಬರು ಕುಳಿತರು. ತೆರೆಯ ಮೇಲೆ ಸೋಪು ಬಂತು, ಬೀಡಿ ಬಂತು, ಸೀಮೆಗೊಬ್ಬರ ಬಂತು. ಆಮೇಲೆ ಹುಣಸೆಮರ ಬಂತು. ಮರದಡಿ ಒಬ್ಬ ಹೆಂಗಸು. ಅದು ತಾನೆಂದು ತಿಳಿಯುವುದಕ್ಕೆ ಮಾಯಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಕೈ ಅಷ್ಟು ದೊಡ್ಡದಾಗಿ ಕಂಡದ್ದು ಅವಳಿಗೆ ವಿಚಿತ್ರವೆನಿಸಿತು. ಪಕ್ಕದಲ್ಲಿ ಖಾಲಿ ಜಾಗ. ತೆರೆಯ ಮೇಲಿನ ಹೆಂಗಸು ಆ ಖಾಲಿ ಜಾಗದ ಕಡೆಗೇ ತುಸು ವಾಲಿದ್ದಳು. ಯಾರನ್ನೋ ಕಾಯುತ್ತಿರುವವಳಂತೆ ಇದ್ದಳು. ತಾನು ಹಾಗೆ ಕೂರುತ್ತೇನೆಂದು ಮಾಯಮ್ಮನಿಗೆ ಗೊತ್ತೇ ಇರಲಿಲ್ಲ.

ಆಗ ಗುಡಾಣಯ್ಯ ತೆರೆಯ ಅಂಚಿನಿಂದ ಬಂದ. ಗುಬ್ಬಚ್ಚಿ ಕಾಲಿನಲ್ಲಿ ಅಷ್ಟು ದೊಡ್ಡ ಹೊಟ್ಟೆ ಹೊತ್ತು, ಮರದ ಬೇರನ್ನು ಎಡವದೆ ದಾಟಿ, ಅವಳ ಪಕ್ಕಕ್ಕೆ ಸರಿಯಾಗಿ ಬಂದು ಕುಳಿತ. ಎಲ್ಲರೂ ಹೇಳಿದ್ದು ನಿಜ. ಮೀಸೆಯೂ ಇತ್ತು, ಅದರ ಮೇಲೆ ರುಮಾಲೂ ಇಳಿದಿತ್ತು. ಟಿಬೆಟಿನ ಹೆಂಗಸು ಹೇಳಿದ್ದೂ ನಿಜ. ಅವನ ತಲೆ ಅವಳ ಹೆಗಲಿಗೆ ತಾಗಿತು. ಬೇರೊಂದು ಸಣ್ಣ ಗಾಜಿನ ಮೇಲೆ ಬರೆದ ಕೈ ಬುಟ್ಟಿಗೆ ಇಳಿಯಿತು, ಬಾಯಿಗೆ ಹೋಯಿತು, ಮತ್ತೆ ಇಳಿಯಿತು. ಟೆಂಟು ನಕ್ಕು ತಣ್ಣಗಾಯಿತು. ಮುಂದಿನ ಸ್ಲೈಡೂ ಬಂತು. ಎಲ್ಲ ನಿಂತ ಮೇಲೆ ತಟ್ಟಿಯಾಚೆ ಒಬ್ಬನೇ ಒಬ್ಬ ತಡವಾಗಿ ನಕ್ಕ. ಆ ನಗು ಕೆಂಪಯ್ಯನದು. ಡೇರೆಯ ಹೊರಗಿನಿಂದ ಸಾವಿರ ನಗು ಕೇಳಿದವಳಿಗೆ ಅದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಇಬ್ಬರೂ ಸಿನಿಮಾ ನೋಡದೆ ಎದ್ದು ಬಂದರು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಹುಣಸೆಮರದಡಿ ಕೆಂಪಯ್ಯ ದೊಣ್ಣೆಯಿಂದ ನೆಲ ಗೀರುತ್ತ ನಿಂತ. ಚಿತ್ರವೇ ಇರಲಿ, ಗಂಡಸು ಗಂಡಸೇ. ಇಂದು ನಗುವ ಜನ ನಾಳೆ ಬೇರೆ ಆಡುತ್ತಾರೆ. ಲೈನು ಮನೆಯ ಮಾತು ಹಾಗೆಯೇ ಇದೆ ಎಂದ. ಮಾಯಮ್ಮ ಬುಟ್ಟಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಚಿಕ್ಕಬೀರಮ್ಮ ಎಲೆ ನೀವುವುದನ್ನು ನಿಲ್ಲಿಸಿದ್ದಳು.

“ನಾಳೀಕೆ ತ್ವಾಟದಲ್ಲಿ ಕರಿಯಯ್ಯ ಕೇಳ್ತಾನೆ,” ಎಂದ ಕೆಂಪಯ್ಯ. “ನಿನ್ನೆಂಡ್ರಿಗೆ ಅವ್ನು ಏನಾಗ್ಬೇಕು ಅಂತಾನೆ. ಏನಂತ ಏಳ್ಲಿ?”

“ತಮ್ಮ ಅನ್ನು.”

“ಯಾರ ತಮ್ಮ?”

“ನನ್ ತಮ್ಮ. ತವ್ರಿಂದ ಬಂದವ್ನೆ.”

ಕೆಂಪಯ್ಯ ಬಾಯಿ ತೆರೆದ. ಅವಳಿಗೆ ತಮ್ಮನಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅದನ್ನು ಹೇಳಲು ಹೊರಟಾಗ ತಾನು ಹಿಂದೆಂದೋ ಆಡಿದ ಹೊಸ್ತಿಲಿನ ಮಾತು ಅವನ ನೆನಪಿಗೆ ಬಂದಿರಬೇಕು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಆ ಖಾಲಿ ನೆಲವನ್ನು ನೋಡಿದ. ಕಡೆಗೆ ಬಗ್ಗಿ ಬುಟ್ಟಿಯಿಂದ ಒಂದು ಕಾಯಿ ತೆಗೆದುಕೊಂಡು, ಹೆಬ್ಬೆರಳಿನಿಂದ ಒಡೆದ.

“ಬಾಮೈದ ಅಂದ್ಮೇಲೆ ಪುಕ್ಸಟ್ಟೆ ತಿನ್ನಾದು ನ್ಯಾಯವೇ ಬುಡು,” ಎಂದ.

ಚಿಕ್ಕಬೀರಮ್ಮ ಮತ್ತೆ ಎಲೆ ನೀವತೊಡಗಿದಳು. ವಿರಾಮದ ಹೊತ್ತಿಗೆ ಟೆಂಟಿಗೆಲ್ಲ ವಿಷಯ ಮುಟ್ಟಿತ್ತು. ಯಾವೂರವನು, ಯಾರ ಪೈಕಿ ಎಂದು ಕೇಳಿದ್ದ ಮುದುಕನಿಗೂ ಸಮಾಧಾನವಾಯಿತು. ಅಂತರಸಂತೆ ಕಡೆಯವರ ಮೂಗು ಹಾಗೇ ಇರುತ್ತದೆ ಎಂದು ಅವನು ಒಪ್ಪಿಗೆ ಕೊಟ್ಟ. ಮರುದಿನ ಕೆಂಪಯ್ಯ ಒಬ್ಬನೇ ಬಸ್ಸು ಹತ್ತಿದ. ಲೈನು ಮನೆಯ ಮಾತನ್ನು ಅವನು ಆಮೇಲೂ ತೆಗೆಯುತ್ತಿದ್ದ. ಆದರೆ ಬಾ ಎನ್ನುತ್ತಿದ್ದನೇ ಹೊರತು ಹೊರಡು ಎನ್ನುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ವೀರಭದ್ರಸ್ವಾಮಿ ಬಂದು, ಮುಂದಿನ ಸ್ಲೈಡಿನಲ್ಲಿ ಗುಡಾಣಯ್ಯನನ್ನು ಕೃಷ್ಣರಾಜನಗರದ ರೈಲು ನಿಲ್ದಾಣಕ್ಕೆ ಕಳಿಸೋಣವೆಂದಿದ್ದೇನೆ, ನಿನಗೆ ಬೇಸರವಿಲ್ಲವಷ್ಟೆ ಎಂದು ಕೇಳಿದ. ಮಾಯಮ್ಮ ಯೋಚಿಸಿದಳು. ತಮ್ಮನಾದವನು ಅಕ್ಕನ ಮನೆಯಲ್ಲೇ ಬೀಡು ಬಿಡುವುದು ಚೆನ್ನಲ್ಲ, ಹೋಗಿ ಬರಲಿ, ಹಬ್ಬಕ್ಕೆ ಮಾತ್ರ ತಪ್ಪಿಸಬಾರದು ಎಂದಳು.

ಆಷಾಢದ ಮಳೆಗೆ ಬಿಚ್ಚಿದ ಟೆಂಟನ್ನು ಮತ್ತೆ ಕಟ್ಟಿದ್ದು ಗೌರಿ ಹಬ್ಬದ ವಾರ. ವೀರಭದ್ರಸ್ವಾಮಿ ಮಾತಿಗೆ ತಪ್ಪದೆ ಆ ಹಳೆಯ ಗಾಜನ್ನು ಪೆಟ್ಟಿಗೆಯಿಂದ ತೆಗೆದ. ಕುಳ್ಳನ ತಲೆಯ ಮೇಲೆ ಹೊಸದಾಗಿ ಒಂದು ಬಟ್ಟೆಯ ಗಂಟು ಬರೆದಿದ್ದ. ಹಬ್ಬಕ್ಕೆ ಊರಿಗೆ ಬಂದಿದ್ದ ಕೆಂಪಯ್ಯ ಅದನ್ನು ನೋಡಲು ಒಳಗೆ ಹೋದ. ಮಾಯಮ್ಮ ಹೋಗಲಿಲ್ಲ. ಕೇರಿಯ ಹೆಂಗಸರಂತೆ ಅಂದು ಅವಳೂ ಮನೆಯಲ್ಲಿ ಹಬ್ಬ ಮಾಡಿ, ಹೊತ್ತು ಇಳಿದ ಮೇಲೆಯೇ ಬುಟ್ಟಿ ಎತ್ತಿಕೊಂಡು ಬಂದಿದ್ದಳು. ಮಳೆಗೆ ಕೆಸರಾಗಿದ್ದ ಎಡಗಡೆಯ ನೆಲವನ್ನು ಹುಣಸೆ ಬರಲಿನ ಪೊರಕೆಯಿಂದ ಗುಡಿಸಿ, ಮೇಲೆ ಒಣ ಗೋಣಿಚೀಲ ಹಾಸಿ, ಒಳಗಿನ ನಗುವಿಗಾಗಿ ಕಿವಿಗೊಟ್ಟು ಕುಳಿತಳು.