ತೂಕ ತಪ್ಪದ ಪಾಸ್‌ಬುಕ್ಕು

ಭಾಗ್ಯನಗರದ ನೇಕಾರ ಪಕ್ಕೀರಪ್ಪನವರಷ್ಟು ನಿಯತ್ತಿನ ಮನುಷ್ಯನನ್ನು ನಾನು ಕಂಡಿಲ್ಲ. ಆ ನಿಯತ್ತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ದ್ರಾಕ್ಷಾಯಿಣಿ, ನೇಕಾರರ ಸಂಘದಲ್ಲಿ ಗುಮಾಸ್ತೆ. ನಮ್ಮಲ್ಲಿ ನೂಲನ್ನು ತೂಗಿ ಕೊಡುತ್ತೇವೆ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತೇವೆ. ತೂಕ ಕಡಿಮೆ ಬಂದರೆ ಅಷ್ಟನ್ನು ಕೂಲಿಯಲ್ಲಿ ಹಿಡಿಯುತ್ತೇವೆ. ಪಕ್ಕೀರಪ್ಪನವರ ಕೂಲಿಯಲ್ಲಿ ನಲವತ್ತು ವರ್ಷ ಒಂದು ಪೈಸೆ ಹಿಡಿದದ್ದಿಲ್ಲ. ಮಗ್ಗದ ಕೆಳಗೆ ಬಿದ್ದ ಹರಿದ ಎಳೆಗಳನ್ನೂ ಉಂಡೆ ಮಾಡಿ ತಂದು ತಕ್ಕಡಿಗೆ ಹಾಕುವ ಆಸಾಮಿ.

ಎರಡು ಸಾವಿರದ ಹನ್ನೆರಡರಲ್ಲಿ, ಅರವತ್ತೈದು ದಾಟಿದ ನೇಕಾರ ದಂಪತಿಗಳಿಗೆ ಸಂಘ ಒಂದು ಆರೋಗ್ಯ ಯೋಜನೆ ತಂದಿತು. ಎರಡರಲ್ಲಿ ಒಂದನ್ನು ಆರಿಸಬೇಕು. ಒಂದು ಬರೀ ವಿಮೆ ಕಾರ್ಡು. ಇನ್ನೊಂದರಲ್ಲಿ ಸಂಘವೇ ವರ್ಷಕ್ಕೆ ನಾಲ್ಕು ಸಾವಿರ ಅವರ ಪಾಸ್‌ಬುಕ್ಕಿಗೆ ಹಾಕುತ್ತದೆ. ಸಣ್ಣಪುಟ್ಟ ಕಾಯಿಲೆಗೆ ಅದರಿಂದ ತೆಗೆಯಬೇಕು, ಖರ್ಚು ಹತ್ತು ಸಾವಿರ ದಾಟಿದ ಮೇಲೆ ವಿಮೆ ಕೊಡುತ್ತದೆ, ಉಳಿದ ಹಣ ಮುಂದಿನ ವರ್ಷಕ್ಕೂ ಅವರದೇ. ನಡುವಿನ ಆರು ಸಾವಿರ ಯಾರು ಕೊಡಬೇಕು? ನನಗೇ ತಿಳಿದಿರಲಿಲ್ಲ. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ ಎಲ್ಲರಿಗೂ ವಿವರಿಸುತ್ತಿದ್ದೆ.

ಪಕ್ಕೀರಪ್ಪನವರು ಮೂರು ಸಲ ಕೇಳಿದರು. ಉಳಿದದ್ದು ನಮ್ಮದು ಸರಿ, ಉಳಿಯದಿದ್ದರೆ ಏನು ಎಂಬುದೇ ಅವರ ಚಿಂತೆ. ಹಿಂದೆ ಸಾಲು ಬೆಳೆದಿತ್ತು, ನನ್ನ ತಲೆ ಕೆಟ್ಟಿತ್ತು.

"ಉಳಿಸ್ರಿ ಯಜಮಾನ್ರ, ಅಷ್ಟ ನೋಡ್ರಿ," ಅಂದುಬಿಟ್ಟೆ.

ಅವರು ಪಾಸ್‌ಬುಕ್ಕಿನ ಯೋಜನೆಗೆ ಹೆಬ್ಬೆಟ್ಟು ಒತ್ತಿ ಹೋದರು.

ದೀಪಾವಳಿ ಕಳೆದ ಮೇಲೆ ಅವರ ಹೆಂಡತಿ ಹುಲಗಮ್ಮ ನಳದ ಹತ್ತಿರ ಸಿಕ್ಕರು. ಕುಂಟುತ್ತಿದ್ದರು. ಮೊದಲೇ ಸಕ್ಕರೆ ಕಾಯಿಲೆ; ಕಾಲಿನ ಬೆರಳಿಗೆ ಮೊಳೆ ತಾಗಿದ ಗಾಯ ಮಾಯದೆ, ಅರಿಷಿಣ ಹಚ್ಚಿಕೊಂಡಿದ್ದರು. ಪಾಸ್‌ಬುಕ್ಕಿನಲ್ಲಿ ದುಡ್ಡಿದೆಯಲ್ಲ, ದವಾಖಾನೆಗೆ ಹೋಗಿ ಅಂದೆ. ಅದು ಸಂಘದ್ದು, ಮುಟ್ಟುವ ಹಾಗಿಲ್ಲ ಎಂದು ಯಜಮಾನರು ಹೇಳಿದ್ದಾರಂತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನನಗೇಕೆ ಎಂದು ಕೊಡ ಹೊತ್ತು ಬಂದೆ. ಥೂ ನನ್ನ ಬುದ್ಧಿಗೆ.

ಮಾರ್ಚ್ ಕೊನೆಗೆ ಪಕ್ಕೀರಪ್ಪನವರು ಸೀರೆ ತಂದರು. ಸೀರೆ ತೂಗಿದೆ, ಎಳೆಗಳ ಉಂಡೆ ತೂಗಿದೆ. ಆಮೇಲೆ ಅವರು ಪಾಸ್‌ಬುಕ್ಕನ್ನೂ ತಕ್ಕಡಿಯಲ್ಲಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ.

"ನೋಡ್ಕೋರಿ ಅಕ್ಕಾರ. ನೀವು ಕೊಟ್ಟಿದ್ದು ಕೊಟ್ಟಂಗ ಐತಿ. ಒಂದು ರೂಪಾಯಿ ಕಡಿಮಿ ಆಗಿಲ್ಲ."

ಆಗ ನನಗೆ ಹೊಳೆಯಿತು. ಈ ಮನುಷ್ಯ ಆ ದುಡ್ಡನ್ನೂ ನೂಲಿನ ಹಾಗೆ ತಿಳಿದಿದ್ದಾರೆ, ಖರ್ಚಾದರೆ ಕೂಲಿಯಲ್ಲಿ ಹಿಡಿಯುತ್ತೇವೆಂದು ಹೆದರಿದ್ದಾರೆ! ಹುಲಗಮ್ಮನವರ ಬೆರಳು ಹೇಗಿದೆ ಎಂದು ಕೇಳಿದೆ. ಕಪ್ಪಾಗಿದೆ, ಈಗ ನೋವೇ ಇಲ್ಲ ಎಂದು ಸಮಾಧಾನದಿಂದ ಹೇಳಿದರು. ನಾನು ಕೂಗಾಡಿದೆ. ಆಟೋ ಮಾಡಿ ಹುಲಗಮ್ಮನವರನ್ನು ಕೊಪ್ಪಳದ ದವಾಖಾನೆಗೆ ಕರೆದೊಯ್ದೆವು. ಎರಡು ಬೆರಳು ತೆಗೆದರು.

ನಾಲ್ಕು ಸಾವಿರ ಆ ದಿನವೇ ಮುಗಿಯಿತು. ನಡುವಿನ ಆರು ಸಾವಿರ ಅವರೇ ಕಟ್ಟಬೇಕಾಯಿತು, ಮಿಕ್ಕದ್ದು ವಿಮೆಯಿಂದ ಬಂತು.

ವಾರದ ಮೇಲೆ ಪಕ್ಕೀರಪ್ಪನವರು ಖಾಲಿ ಪಾಸ್‌ಬುಕ್ಕು ಹಿಡಿದು ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕೂಲಿಯಲ್ಲಿ ಏನೂ ಹಿಡಿಯುವುದಿಲ್ಲ, ಅದು ನಿಮ್ಮ ಔಷಧಕ್ಕೆಂದೇ ಕೊಟ್ಟ ದುಡ್ಡು ಎಂದು, ಮೊದಲ ದಿನ ಹೇಳಬೇಕಾಗಿದ್ದ ಹಾಗೆ, ನಿಧಾನವಾಗಿ ಹೇಳಿದೆ. ಅವರು ತಕ್ಕಡಿಯತ್ತ ಕೈ ತೋರಿಸಿದರು.

"ನೂಲು ಕಡಿಮಿ ಬಂದ್ರ ನನ್ನ ಕೂಲ್ಯಾಗ ಹಿಡೀತೀರಿ. ಆಕಿ ಎರಡು ಬಟ್ಟು ಕಡಿಮಿ ಆದುವಲ್ರಿ ಅಕ್ಕಾರ, ಅದನ್ನ ಯಾರ ಕೂಲ್ಯಾಗ ಹಿಡೀಬೇಕ್ರಿ?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಕೇಳಿದರು. ನನಗೆ ಗೊತ್ತಿತ್ತು.